ಫಿನಿಶ್ ಎನ್ನದ ಮೇಸ್ತ್ರಿ

೧೯೯೯ರಲ್ಲಿ ನನ್ನ ಓದು ನಿಂತಿತು. ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಇಂಗ್ಲಿಷ್ ಪೇಪರನ್ನು ಮೇಷ್ಟ್ರು ನನ್ನ ಕೈಗೆ ಕೊಡದೆ ಬೆಂಚಿನ ಮೇಲೆ ಎಸೆದು, "ನಿಂದು ಫಿನಿಶ್ ಕಣೋ" ಎಂದರು. ಪೇಪರನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಮರುದಿನ ಹೋಗಲಿಲ್ಲ. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಈಗಲೂ ಎದೆ ತಟ್ಟಿಯೇ ಹೇಳುತ್ತೇನೆ.

ಆಮೇಲೆ ಯಶವಂತಪುರದಲ್ಲಿ ಮೂಟೆ ಇಳಿಸಿದೆ, ಹೆಬ್ಬಾಳದಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ವಿದ್ಯಾರಣ್ಯಪುರದ ಒಂದು ಹೊಸ ಮನೆಯಲ್ಲಿ ನಮ್ಮ ಮೇಸ್ತ್ರಿ ಸಿಕ್ಕರು. ಟೈಲ್ಸ್ ಹಾಸುವವರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವರ ಮುಖವಲ್ಲ, ಬಲಗೈ ನಡುಬೆರಳಿನ ಗೆಣ್ಣು. ಉಳಿದ ಬೆರಳುಗಳೆಲ್ಲ ಸಿಮೆಂಟು ತಿಂದು ಬಿಳಿಚಿಕೊಂಡು ಬಿರುಕು ಬಿಟ್ಟಿದ್ದರೆ, ಆ ಗೆಣ್ಣು ಮಾತ್ರ ದಪ್ಪಗೆ, ಕಪ್ಪಗೆ, ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಾಸಿದ ಒಂದೊಂದು ಟೈಲನ್ನೂ ಆ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರು. ನಾಲ್ಕು ಮೂಲೆ, ನಡುವೆ ಒಂದು. ಅಡಿಯಲ್ಲಿ ಗಾರೆ ತುಂಬಿದ್ದರೆ ಒಂದು ಸದ್ದು, ಟೊಳ್ಳಿದ್ದರೆ ಇನ್ನೊಂದು. ಟೊಳ್ಳು ಸಿಕ್ಕರೆ ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದು ಇಂಟು ಮಾರ್ಕು. ಆ ಟೈಲು ಏಳಲೇಬೇಕು. ಹಾಸಿದವನು ಯಾರೇ ಆಗಿರಲಿ.

ಸೈಟಿನಲ್ಲಿ ಮಾತ್ರವಲ್ಲ. ಮದುವೆ ಛತ್ರದಲ್ಲಿ ಊಟಕ್ಕೆ ಕಾಯುವಾಗ ನೆಲ ಬಡಿಯುತ್ತಿದ್ದರು. ದೇವಸ್ಥಾನದಲ್ಲಿ ನಮಸ್ಕಾರಕ್ಕೆ ಬಗ್ಗಿದವರು ಏಳುವ ಮೊದಲು ಒಂದು ಟಕ್. "ಐದು ಚುಕ್ಕಿ ಇಟ್ಟವ್ನೆ ನನ್ಮಗ" ಎಂದು ಪಿಸುಗುಟ್ಟುತ್ತಿದ್ದರು. ಟೈಲಿನ ಹಿಂಬದಿಗೆ ಪೂರ್ತಿ ಗಾರೆ ಬಳಿಯದೆ, ಐದು ಕಡೆ ಮುದ್ದೆ ಇಟ್ಟು ಅಂಟಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಿಮೆಂಟಿನ ಚೀಲಕ್ಕೆ ಕೈ ತೂರಿಸಿ ನೋಡದೆ ಇಳಿಸಿಕೊಳ್ಳುತ್ತಿರಲಿಲ್ಲ. ಅಂಗಡಿಯವನು ನೆಲದ ಮಟ್ಟ ನೋಡುವ ಹೊಸ ರಸಮಟ್ಟ ಕೊಟ್ಟರೆ, ತಮ್ಮ ಹಳೆಯದನ್ನು ಪಕ್ಕದಲ್ಲಿಟ್ಟು ಎರಡರ ಗುಳ್ಳೆಯೂ ಒಂದೇ ಕಡೆ ನಿಲ್ಲುತ್ತದೆಯೇ ಎಂದು ನೋಡುತ್ತಿದ್ದರು. ಹೆಸರಘಟ್ಟದ ಆಚೆಯ ಹಳ್ಳಿಯವರು. ಮಾತಿನಲ್ಲಿ 'ಹ' ಇರಲಿಲ್ಲ, ನಂಬಿಕೆಯೂ ಇರಲಿಲ್ಲ.

ಅವರಿಗೆ ಎಲ್ಲಕ್ಕಿಂತ ಹೆಚ್ಚು ಅನುಮಾನವಿದ್ದದ್ದು ಒಂದು ಪದದ ಮೇಲೆ. ನನ್ನನ್ನು ಶಾಲೆಯಿಂದ ಎಬ್ಬಿಸಿದ ಪದವೇ ಅದು.

ನಮ್ಮ ಕೆಲಸದಲ್ಲಿ ಫಿನಿಶ್ ಇಲ್ಲದೆ ಒಂದು ದಿನ ಕಳೆಯುವುದಿಲ್ಲ. ಟೈಲ್ಸ್ ಅಂಗಡಿಗೆ ಹೋದರೆ ಗ್ಲಾಸಿ ಫಿನಿಶ್, ಮ್ಯಾಟ್ ಫಿನಿಶ್, ಮರದ ಫಿನಿಶ್. ಓನರ್ ಬಂದು ಮೂಲೆ ನೋಡಿ, "ಫಿನಿಶಿಂಗ್ ಸರಿಯಿಲ್ಲ" ಅನ್ನುತ್ತಾನೆ. ಪೇಂಟರ್ ಬ್ರಷ್ ತೊಳೆಯುತ್ತ, "ನಮ್ದು ಫಿನಿಶ್ ಗುರು" ಅನ್ನುತ್ತಾನೆ. ಮನೆಗೆ ಬಂದರೆ ಹೆಂಡತಿ, "ಗ್ಯಾಸ್ ಫಿನಿಶ್." ಟಿವಿಯಲ್ಲಿ ಕೊನೆಯ ಓವರಿನಲ್ಲಿ ಹೊಡೆಯುವವನು ಫಿನಿಶರ್. ಬಾರಿನ ಮುಂದೆ ಕುಡಿದವನು ಇನ್ನೊಬ್ಬನ ಕಾಲರ್ ಹಿಡಿದು, "ಫಿನಿಶ್ ಮಾಡ್ಬಿಡ್ತೀನಿ ಮಗನೇ" ಅನ್ನುತ್ತಾನೆ. ಮರುದಿನ ಇಬ್ಬರೂ ಒಂದೇ ಗಾಡಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಸಾವಿಗೂ ಅದೇ, ಸಾಂಬಾರಿಗೂ ಅದೇ.

ಒಮ್ಮೆ ಯಲಹಂಕ ನ್ಯೂ ಟೌನಿನ ಒಂದು ದರ್ಶಿನಿಯಲ್ಲಿ ಬೆಳಗಿನ ತಿಂಡಿಗೆ ನಿಂತಿದ್ದೆವು. ಕೌಂಟರಿನವನು, "ಇಡ್ಲಿ ಫಿನಿಶ್ ಸಾರ್, ಪಲಾವ್ ಇದೆ" ಎಂದ. ಮೇಸ್ತ್ರಿ ಟೋಕನ್ ತೆಗೆದುಕೊಳ್ಳಲಿಲ್ಲ. ಒಳಗೆ ಬಗ್ಗಿ ನೋಡಿದರು.

"ಅಬೆ ಬತ್ತಾ ಐತಲ್ಲಪ್ಪಾ, ಅದ್ಯಾತರದು?"

"ಅದು ಇನ್ನೂ ಬೇಯ್ಬೇಕು ಸಾರ್. ಹತ್ತು ನಿಮಿಷ."

"ಅಂಗಾದ್ರೆ ಬೇಯ್ತಾ ಐತೆ ಅನ್ನು. ಫಿನಿಶ್ ಅಂತ್ಯಾಕಂತೀಯಾ?"

ಹಿಂದೆ ಕ್ಯೂನಲ್ಲಿದ್ದವರು ನಕ್ಕರು. ನನಗೆ ನಾಚಿಕೆಯಾಯಿತು. ಹತ್ತು ನಿಮಿಷ ನಿಂತು ಇಡ್ಲಿಯನ್ನೇ ತಿಂದೆವು. ಕೈ ತೊಳೆಯುವಾಗ ಹೇಳಿದರು: "ಆ ಮಾತು ಆಡೋನು ಓಗೋಕೆ ಅವಸರ ಇರೋನು ಕಣ್ಲಾ. ಇಲ್ಲಾ ನಮ್ಮನ್ನ ಕಳಿಸೋಕೆ ಅವಸರ ಇರೋನು. ಅವನ ಕೈ ನೋಡು, ಬಾಯಿ ನೋಡ್ಬ್ಯಾಡ."

ತಾವು ಮಾತ್ರ ಆ ಪದವನ್ನು ಆಡುತ್ತಿರಲಿಲ್ಲ. ಮನೆ ಪೂರ್ತಿಯಾದರೂ ಕೈ ತೊಳೆದುಕೊಂಡು, "ಇವತ್ತಿಗೆ ಸರಿಯಾಗೈತೆ" ಎನ್ನುತ್ತಿದ್ದರು. ಅಷ್ಟೇ.

ಅದಕ್ಕಿಂತ ವಿಚಿತ್ರವಾದ ಪದ್ಧತಿ ಇನ್ನೊಂದಿತ್ತು. ಇಡೀ ಮನೆ ಹಾಸಿದ ಮೇಲೂ ಅಡುಗೆಮನೆಯಲ್ಲಿ, ಬಾಗಿಲ ಹಿಂದೆ, ಒಂದು ಟೈಲನ್ನು ಹಾಸದೆ ಬಿಡುತ್ತಿದ್ದರು. ಆ ಚೌಕಕ್ಕೆ ಗಾರೆ ಹಾಕದೆ ಬರೀ ಒಣ ಮರಳು ತುಂಬಿಸಿ, ಆ ಟೈಲನ್ನು ಹಳೇ ಲುಂಗಿಯಲ್ಲಿ ಸುತ್ತಿ ಮೊಪೆಡ್ಡಿನಲ್ಲಿಟ್ಟುಕೊಂಡು ಊರಿಗೆ ಹೋಗಿಬಿಡುತ್ತಿದ್ದರು. ಎಂಟು ದಿನ ಬಿಟ್ಟು ಒಬ್ಬರೇ ಬಂದು ತಾವೇ ಹಾಸುತ್ತಿದ್ದರು. ಓನರುಗಳು ಬೈಯುತ್ತಿದ್ದರು. ನಮ್ಮ ಗುಂಪಿನಲ್ಲೇ ಒಬ್ಬ, "ಅದ್ರಡಿ ಏನೋ ತಾಯಿತ ಇಡ್ತಾರೆ ಮಗಾ" ಎನ್ನುತ್ತಿದ್ದ. ನಾನು ಅದನ್ನು ನಂಬಲಿಲ್ಲ. ನಮ್ಮನ್ನೆಲ್ಲ ಕಳಿಸಿ ನಮ್ಮ ಕೆಲಸದ ಹುಳುಕನ್ನು ಓನರಿಗೆ ತೋರಿಸಲು ಬರುತ್ತಾರೆ ಎಂದುಕೊಂಡೆ.

ಕಾರಣ ತಿಳಿದದ್ದು ಎರಡು ವರ್ಷದ ಮೇಲೆ, ಆರ್.ಟಿ. ನಗರದಲ್ಲಿ. ಅವತ್ತು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಚೌಕದೊಳಗೆ ಎರಡು ಬೆರಳು ಇಳಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ತೆಗೆದಾಗ ಬೆರಳಿಗೆ ಮರಳು ಅಂಟಿತ್ತು. ಗೋಡೆಯೊಳಗಿನ ಪೈಪು ಎಲ್ಲೋ ಸೋರುತ್ತಿದೆ, ನೀರು ನೆಲದಡಿ ಹರಿದು ಈ ತಗ್ಗಿಗೆ ಬಂದಿದೆ. ಇಡೀ ಮನೆಯನ್ನು ಮುಚ್ಚಿಬಿಟ್ಟಿದ್ದರೆ ಗೊತ್ತಾಗುತ್ತಿದ್ದದ್ದು ವರ್ಷದ ಮೇಲೆ, ಎಲ್ಲ ಕೊಳೆತ ಮೇಲೆ.

ತಿಳಿದ ಮೇಲೆ ನನ್ನ ಅನುಮಾನ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಪೈಪನ್ನು ನಂಬಬೇಡಿ, ಸರಿ. ಆಮೇಲೆ ಇನ್ನೂ ಆರು ವರ್ಷ, ಒಟ್ಟು ಎಂಟು ವರ್ಷ ಜೊತೆಯಲ್ಲಿ ದುಡಿದ ನನ್ನನ್ನೂ ನಂಬುವುದಿಲ್ಲವೆಂದರೆ? ನಾನು ಹಾಸಿದ್ದನ್ನೂ ಸಂಜೆ ಎಲ್ಲರೂ ಹೋದ ಮೇಲೆ ಬಡಿಯುತ್ತಿದ್ದರು. ಬೆಳಿಗ್ಗೆ ಬಂದರೆ ಇಂಟು ಮಾರ್ಕು ಕಾಯುತ್ತಿತ್ತು. ಒಂದು ದಿನ ಓನರ್ ಎದುರಿಗೇ ನನ್ನ ಮೆಟ್ಟಿಲಿಗೆ ಮೂರು ಇಂಟು ಹಾಕಿದರು.

"ಮೇಸ್ತ್ರಿ, ಅದು ನಿನ್ನೇನೇ ಫಿನಿಶ್ ಆಗಿದೆ" ಎಂದೆ.

"ಏನ್ಲಾ ಫಿನಿಶ್ಶು? ಬಾ, ನೀನೇ ಬಡಿದು ಕೇಳು."

ನಾನು ಬಡಿಯಲಿಲ್ಲ. ಕರಣೆ ಕೆಳಗಿಟ್ಟು ಹೊರಟೆ. ನನ್ನ ಜೊತೆ ಇಬ್ಬರು ಬಂದರು. ಆರು ತಿಂಗಳಲ್ಲಿ ಅಟ್ಟೂರಿನಲ್ಲಿ ಒಂದು ಪೂರ್ತಿ ಮನೆಯ ಕೆಲಸ ನನ್ನ ಹೆಸರಿಗೇ ಸಿಕ್ಕಿತು. ಮನೆಯವರು ವಿಜಯಪುರದ ಕಡೆಯವರು, ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳುವ ಮೇಡಂ. ಈ ಒಂದು ಮನೆ ಚೆನ್ನಾಗಿ ಬಂದರೆ ಅದೇ ಲೇಔಟಿನಲ್ಲಿ ಏಳುವುದರಲ್ಲಿದ್ದ ಇನ್ನೂ ನಾಲ್ಕು ಮನೆಯ ಕೆಲಸ ನನಗೆ ಸಿಗಬಹುದಿತ್ತು. ಕೆಟ್ಟರೆ ಮತ್ತೆ ಇನ್ನೊಬ್ಬರ ಕೈಕೆಳಗೆ. ನಾನು ಹಗಲೆಲ್ಲ ಬಗ್ಗಿದವನು ಬಗ್ಗಿದ ಹಾಗೇ ಇದ್ದೆ. ಕೊನೆಯ ಟೈಲನ್ನೂ ಅಡುಗೆಮನೆಯ ಬಾಗಿಲ ಹಿಂದೆ ಬೇಕೆಂದೇ ಒತ್ತಿ ಹಾಸಿದೆ. ಚೌಕ ಬಿಡುವುದು ಅವರ ಪದ್ಧತಿ, ನನ್ನದಲ್ಲ.

ಬರುವ ಗುರುವಾರ ವಾಸ್ತುಶಾಂತಿ ಇತ್ತು. ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಆ ಮೊಪೆಡ್ ನಿಂತಿತ್ತು.

ಮೇಸ್ತ್ರಿ ಆಗಲೇ ಹಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಟಕ್ ಟಕ್ ನಡೆಸಿದ್ದರು. ಪಕ್ಕದಲ್ಲಿ ಅವರ ನೀರಿನ ಬಾಟಲಿ. ನನ್ನ ಮೈ ಉರಿಯಿತು.

"ಯಾರ್ ಕರೆದ್ರು ನಿಮ್ಮನ್ನ?"

ಮೇಡಂ ಉತ್ತರ ಕೊಟ್ಟರು. "ನಾನಽ ಕರಿಸೇನ್ರಿ. ನಿಮ್ಮ ನಂಬರ್ ಕೊಟ್ಟವರು ಇವರಽ ಅಲ್ಲೇನ್ರಿ? ಒಮ್ಮೆ ಬಂದು ನೋಡಿ ಹೋಗ್ರಿ ಅಂತ ಅಂದಿದ್ದೆ."

ನನಗೆ ಅದು ಗೊತ್ತಿರಲಿಲ್ಲ. ಗೊತ್ತಾದಾಗ ಕೃತಜ್ಞತೆ ಹುಟ್ಟಲಿಲ್ಲ, ಇನ್ನೊಂದು ಅನುಮಾನ ಹುಟ್ಟಿತು. ಕೆಲಸ ಕೊಡಿಸಿದ್ದು ಕೆಡಿಸಲಿಕ್ಕೇ ಇರಬೇಕು.

ಹಾಲಿನಲ್ಲಿ ಒಂದೂ ಟೊಳ್ಳು ಸಿಗಲಿಲ್ಲ. ರೂಮುಗಳಲ್ಲಿ ಸಿಗಲಿಲ್ಲ. ಅಡುಗೆಮನೆಗೆ ಹೋದವರು ಬಾಗಿಲ ಹಿಂದೆ ನೋಡಿದರು. "ಬಿಡ್ಲಿಲ್ವಾ?" ಎಂದರು. ಮೇಡಂಗೆ ಕಾರಣ ಹೇಳಿದರು. ಆಕೆ ನನ್ನ ಮುಖ ನೋಡಿ, "ತಗಸೋಣು ಬಿಡ್ರಿ. ಒಂದಽ ಟೈಲ್ ಅಲ್ಲೇನು" ಎಂದರು. ನಾನೇ ಉಳಿ ಹಿಡಿದು ಒಡೆದೆ. ಗಾರೆ ಕೆತ್ತಿದೆ. ಅಡಿಯ ಮರಳು ಕಪ್ಪಗಿತ್ತು. ಒದ್ದೆ.

"ಗಾರೆ ನೀರದು" ಎಂದೆ.

"ಇದ್ನ ಆಕಿ ಎಷ್ಟು ದಿನ ಆಯ್ತು?"

"ಎಂಟು."

ಎಂಟು ದಿನಕ್ಕೆ ಗಾರೆಯ ನೀರು ಆರಿರಬೇಕು, ಅದು ನನಗೂ ಗೊತ್ತಿತ್ತು. ಆಗ ನನ್ನ ಕಣ್ಣು ಅವರ ಬಾಟಲಿಯ ಮೇಲೆ ಬಿತ್ತು. ಅರ್ಧ ಖಾಲಿ. ಮುಚ್ಚಳ ತೆರೆದಿತ್ತು. ನನ್ನ ಬಾಯಿಂದ ಬಂದದ್ದನ್ನು ಹಾಗೇ ಬರೆಯುತ್ತೇನೆ:

"ನಾನು ಉಳಿ ತರೋಕೆ ಹೋದಾಗ ನೀರು ಬಿಟ್ಟಿದ್ದೀರ. ಸಂದಿಯಿಂದ ಬಿಟ್ಟಿದ್ದೀರ. ನನ್ನ ಕೆಲ್ಸ ಹಾಳ್ ಮಾಡೋಕೇ ಬಂದಿರೋದು ನೀವು."

ನನ್ನ ಇಬ್ಬರು ಕೆಲಸಗಾರರು ನೆಲ ನೋಡಿದರು. ಮೇಡಂ, "ಏನ್ ಮಾತಾಡ್ಲಿಕತ್ತೀರಿ?" ಎಂದರು. ಮೇಸ್ತ್ರಿ ಬಾಟಲಿ ಎತ್ತಿಕೊಂಡು, ಮುಚ್ಚಳ ತಿರುಗಿಸಿ, ನಿಧಾನವಾಗಿ ಹೇಳಿದರು:

"ಇರಬೌದು. ಅಂಗಾದ್ರೆ ಇಂಗ್ ಮಾಡು. ಒದ್ದೆ ಮರಳು ತೆಗ್ದು ಒಣಮರಳು ತುಂಬ್ಸು. ನಾಳೆ ಒತ್ತಾರೆ ನೋಡಾಣ. ನಾನು ಸುರಿದಿದ್ರೆ ಅಲ್ಲಿಗೆ ಮುಗೀತದೆ. ಒಳಗಿಂದ ಬರೋ ನೀರಾದ್ರೆ ನಾಳೆನೂ ಬತ್ತದೆ."

ಮಂಗಳವಾರ ನಾನು ಎಲ್ಲರಿಗಿಂತ ಮೊದಲು ಹೋದೆ. ಚೌಕದ ಮೇಲೆ ಮುಚ್ಚಿದ್ದ ಹಲಗೆ ತೆಗೆದು ಬೆರಳು ಇಳಿಸಿದೆ. ಮರಳು ಅಂಟಿತು.

ಆ ಅಡುಗೆಮನೆಯಲ್ಲಿ ಆಗ ನನ್ನ ಬಿಟ್ಟು ಯಾರೂ ಇರಲಿಲ್ಲ. ಹೊರಗೆ ಶಾಮಿಯಾನದವರು ಕಂಬ ಇಳಿಸುತ್ತಿದ್ದರು. ಆಗಲೇ ಬಿಸಿಲೇರಿದ್ದ ಅಂಗಳದಲ್ಲಿ ಕಪ್ಪು ಟಾರ್ಪಾಲಿನ ಅಡಿ ಉಳಿದ ಮರಳಿನ ಗುಡ್ಡೆ ಇತ್ತು. ಬಾಣಲಿಯಲ್ಲಿ ಒದ್ದೆ ಮರಳನ್ನು ತೋಡಿ ಹೊರಗೆ ಚೆಲ್ಲಿದೆ. ಗುಡ್ಡೆಯಿಂದ ಒಣಮರಳು ತಂದು ತುಂಬಿಸಿದೆ. ಕರಣೆಯಿಂದ ಸಮ ಮಾಡಿ ಹಲಗೆ ಮುಚ್ಚಿದೆ. ಐದು ನಿಮಿಷದ ಕೆಲಸ. ಅಷ್ಟು ಚೊಕ್ಕವಾಗಿ ನಾನು ಇನ್ಯಾವ ಕೆಲಸವನ್ನೂ ಮಾಡಿಲ್ಲ.

ಹತ್ತು ಗಂಟೆಗೆ ಮೇಸ್ತ್ರಿ ಬಂದರು. ಕೂತರು. ಎರಡು ಬೆರಳು ಇಳಿಸಿದರು. ಕಣ್ಣು ಮುಚ್ಚಿದರು. ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿಕೊಂಡೇ ಇದ್ದರು. ಆಮೇಲೆ ಬೆರಳನ್ನು ಮೇಲೆತ್ತಿ ಮೇಡಂಗೆ ತೋರಿಸಿದರು. ಒಂದು ಕಾಳೂ ಅಂಟಿರಲಿಲ್ಲ.

ನನ್ನ ಕಡೆ ತಿರುಗಿ, "ಏನಂತೀಯಾ?" ಎಂದರು.

"ಫಿನಿಶ್" ಎಂದೆ.

"ಸರಿ ಬುಡು." ಎದ್ದರು. "ಕೆಲ್ಸ ಇವನ್ದು ಮೇಡಂ. ಇವನು ಏಳ್ದಂಗೆ."

ಮೇಡಂ, "ಆ ಕೊನೀದ್ದೊಂದು ನಿಮ್ಮ ಕೈಲೆ ಹಾಕ್ರಲ್ಲ" ಎಂದು ಕೇಳಿಕೊಂಡರು. ಅವರು ತಲೆ ಅಲ್ಲಾಡಿಸಿ ಮೊಪೆಡ್ ಹತ್ತಿದರು. ಕೊನೆಯ ಟೈಲನ್ನು ಅವರು ಹಾಸದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೋತು ಹೋದರು ಎಂದುಕೊಂಡೆ. ಆದರೂ ಟೈಲಿಗೆ ಗಾರೆ ಬಳಿಯುವಾಗ ಗೇಟಿನ ಕಡೆಯೇ ನೋಡುತ್ತಿದ್ದೆ, ತಿರುಗಿ ಬರುತ್ತಾರೇನೋ ಎಂದು.

ವಾಸ್ತುಶಾಂತಿ ಚೆನ್ನಾಗಿ ನಡೆಯಿತು. ನನಗೆ ಪಂಚೆ, ಶಲ್ಯ ಕೊಟ್ಟರು. ಮುಂದಿನ ಬೀದಿಯಲ್ಲಿ ಎರಡು ಮನೆ ಸಿಕ್ಕವು. ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡುವ ಅಭ್ಯಾಸ ಶುರುವಾಯಿತು. ಮೇಡಂ ಹೆಸರು ಬಂದಿಲ್ಲವೆಂದರೆ ಅವತ್ತಿಗೆ ಸರಿ.

ನಾಲ್ಕು ತಿಂಗಳಿಗೆ ಬಂತು. "ಫ್ರಿಜ್ಜಿನ ಹಿಂದಿನ ಗ್ವಾಡಿ ಕಪ್ಪಾಗ್ಯದ್ರಿ. ಕಪಾಟಿನ ತಳ ಉಬ್ಯದ. ಹಿಂಗ್ಯಾಕ್ರಿ?"

ತಪ್ಪನ್ನು ಪ್ಲಂಬರ್ ಮೇಲೆ ಹಾಕಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಹೋದೆ. ಅಡುಗೆಮನೆಯಲ್ಲಿ ಬಾಗಿಲ ಹಿಂದೆ ಕೂತು ಆ ಟೈಲನ್ನು ಬಡಿದೆ. ಅದರ ಟೊಳ್ಳು ಸದ್ದು ಕೇಳಿದ ಮೇಲೆ ಜೋಡಿಸಿಕೊಂಡದ್ದು ಬಾಯಿಗೆ ಬರಲಿಲ್ಲ.

"ಮೇಡಂ, ಅವತ್ತೂ ಮರಳು ಒದ್ದೆಯಾಗೇ ಇತ್ತು. ಬದಲಾಯಿಸಿದ್ದು ನಾನು."

ಆಕೆ ಬೈಯಲಿಲ್ಲ. "ನೆಲದ್ದು ಹೋಗ್ಲಿ. ಆ ಹಿರೀ ಮನಶಾನ ಮ್ಯಾಲೆ ನೀರಿನ ಮಾತು ಹೊರಿಸಿದ್ರಲ್ರಿ" ಎಂದರು.

ನನ್ನ ಖರ್ಚಿನಲ್ಲಿ ಅಡುಗೆಮನೆಯ ನೆಲವನ್ನು ಪೂರ್ತಿ ಎಬ್ಬಿಸಿದೆ. ಗೋಡೆ ಒಡೆದಾಗ ಸೋರುವ ಪೈಪು ಸಿಕ್ಕಿತು. ಪ್ಲಂಬರ್ ಹಾಕಿದ ಜಾಯಿಂಟಿನಲ್ಲಿ ತಪ್ಪಿರಲಿಲ್ಲ. ಗೋಡೆಯ ಬುಡದ ಪಟ್ಟಿ, ಸ್ಕರ್ಟಿಂಗ್, ಕೂರಿಸಲು ಗೋಡೆ ಕೊಯ್ದಾಗ ನನ್ನ ಗ್ರೈಂಡರ್ ಬ್ಲೇಡು ಪೈಪಿಗೆ ತಗುಲಿ, ಕೂದಲೆಳೆಯಷ್ಟು ಗೀರು ಬಿದ್ದಿತ್ತು. ನನ್ನ ಗೆರೆ. ನೇರವಾಗಿ, ಮಟ್ಟಸವಾಗಿ ಇತ್ತು.

ಎರಡನೇ ದಿನ ಬೆಳಿಗ್ಗೆ ಮೊಪೆಡ್ ಸದ್ದು ಕೇಳಿತು. ಮೇಡಂ ಫೋನ್ ಮಾಡಿದ್ದರೋ, ಬೇರೆ ಯಾರಾದರೂ ಹೇಳಿದ್ದರೋ, ನಾನು ಕೇಳಲಿಲ್ಲ. ಮೇಸ್ತ್ರಿ ಬಂದು ಒಂದು ಉಳಿ ಎತ್ತಿಕೊಂಡು ನನ್ನ ಎದುರು ಮೂಲೆಯಲ್ಲಿ ಕೂತು ಕೆತ್ತತೊಡಗಿದರು. ಒಂಬತ್ತು ದಿನ ಬಂದರು. ಮೊದಲ ಮೂರು ದಿನ "ಸುತ್ತಿಗೆ ಕೊಡು", "ದಾರ ಇಡ್ಕೋ" ಬಿಟ್ಟರೆ ಮಾತಿಲ್ಲ. ನಾಲ್ಕನೇ ದಿನ ಟೀ ಕುಡಿಯುವಾಗ ನಾನೇ ಬಾಯಿ ಬಿಟ್ಟೆ.

"ಮೇಸ್ತ್ರಿ, ಅವತ್ತು ಮರಳು ನಾನೇ ಬದಲಾಯಿಸಿದ್ದೆ."

"ಗೊತ್ತು."

"ಹೇಗೆ?"

"ಬೆಚ್ಚಗಿತ್ತು ಕಣ್ಲಾ. ರಾತ್ರಿಯೆಲ್ಲಾ ನೆಲದಾಗಿದ್ದ ಮರಳು ತಣ್ಣಗಿರ್ತದೆ. ಅದು ಬಿಸ್ಲಾಗಿಂದ ಬಂದಿದ್ದು."

ಟಾರ್ಪಾಲಿನ ಅಡಿಯ ಗುಡ್ಡೆ ನೆನಪಾಯಿತು.

"ಅವತ್ತೇ ಹೇಳ್ಬೋದಿತ್ತಲ್ಲ ಮೇಡಂಗೆ?"

"ಅದಕ್ಕೇ ಬಂದಿವ್ನಿ" ಎಂದರು. ಲೋಟ ಕೆಳಗಿಟ್ಟು, ಗೆಣ್ಣನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡರು. "ನಿನ್ನ ಬಾಯಲ್ಲೇ ಬರ್ಲಿ ಅಂತ ಕೇಳ್ದೆ. ಬರ್ಲಿಲ್ಲ. ಒಡ್ದು ಏಳಿದ್ರೆ ನಿನ್ ಮೊದಲ್ನೇ ಕೆಲ್ಸ ಓಗ್ತಿತ್ತು. ಸುಮ್ನೆ ಎದ್ದೋದೆ. ಅದು ನನ್ ತಪ್ಪು. ಆಯಮ್ಮನ ಕಪಾಟು ಕೊಳೀತಲ್ಲ, ಅದ್ರಾಗೆ ಅರ್ಧ ನಂದು."

ಅವರು ಯಾರನ್ನೂ ನಂಬುವುದಿಲ್ಲ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೆ. ಒಮ್ಮೆ ಒಬ್ಬನನ್ನು ನಂಬಿ ಕಾದು ನೋಡಿದರು. ಅವತ್ತೇ ಅವರ ಲೆಕ್ಕ ತಪ್ಪಿತು.

ನೆಲ ಮತ್ತೆ ಹಾಸಿ ಚೌಕ ಬಿಟ್ಟೆವು. ಎಂಟು ದಿನದ ಮೇಲೆ ಬೆರಳು ಇಳಿಸಿದ್ದು ಇಬ್ಬರೂ. ತಣ್ಣಗಿತ್ತು, ಒಣಗಿತ್ತು. ಟೈಲನ್ನು ಅವರೇ ಹಾಸಿದರು.

ಮತ್ತೆ ಅವರ ಕೈಕೆಳಗೆ ಹೋಗಲಿಲ್ಲ ನಾನು, ಅವರೂ ಕರೆಯಲಿಲ್ಲ. ಆದರೆ ನನ್ನ ಪ್ರತಿ ಮನೆಯಲ್ಲೂ ಅಡುಗೆಮನೆಯ ಬಾಗಿಲ ಹಿಂದೆ ಒಂದು ಚೌಕ ಉಳಿಯತೊಡಗಿತು. ಹೋದ ವರ್ಷ ಅಟ್ಟೂರಿನ ಆಚೆ ನಾನೇ ಎರಡು ಕೋಣೆಯ ಮನೆ ಕಟ್ಟಿದೆ. ಹಾಸಿದ್ದು ಪೂರ್ತಿ ನಾನೊಬ್ಬನೇ. ಫೋನ್ ಮಾಡಿ, "ಒಂದು ಬಿಟ್ಟಿದ್ದೀನಿ ಮೇಸ್ತ್ರಿ, ನೀವೇ ಬಂದು ಹಾಕ್ಬೇಕು" ಎಂದೆ.

"ಉಳಿದಿದ್ನೆಲ್ಲಾ ಬಡಿದು ನೋಡ್ತೀನಿ, ಬೇಜಾರ್ ಮಾಡ್ಕಂಬ್ಯಾಡ" ಎಂದರು.

"ನೋಡಿ. ಸೀಮೆಸುಣ್ಣ ನಾನೇ ತಂದಿಟ್ಟಿದ್ದೀನಿ."

ನಕ್ಕರು. ಭಾನುವಾರ ಬರುತ್ತೇನೆಂದರು. ಶುಕ್ರವಾರ ಬೆಳಿಗ್ಗೆ ನಮ್ಮ ಹಳೇ ಗುಂಪಿನವನ ಫೋನು. "ಮೇಸ್ತ್ರಿ ಫಿನಿಶ್ ಅಂತೆ ಗುರು. ನಿದ್ದೆಯಲ್ಲೇ." ಅವನ ತಪ್ಪಿಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ. ಆದರೂ ನಾನು ನಂಬಲಿಲ್ಲ. ಹೆಸರಘಟ್ಟ ರಸ್ತೆಯಲ್ಲಿ ಗಾಡಿ ಓಡಿಸುತ್ತ, ಅವನು ಯಾರ ಬಾಯಿಂದಲೋ ಕೇಳಿದ್ದಾನೆ, ಕಣ್ಣಾರೆ ನೋಡಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಅವರ ಮನೆಯ ಜಗುಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬಲಗೈ ಹಿಡಿದುಕೊಂಡೆ. ತಣ್ಣಗಿತ್ತು. ಗೆಣ್ಣು ಇನ್ನೂ ಹೊಳೆಯುತ್ತಿತ್ತು.

ನಮ್ಮ ಮನೆಗೆ ಬಂದವರು ಅಡುಗೆಮನೆ ನೋಡಿ, "ಅದೊಂದು ಯಾಕೆ ಬಿಟ್ಟಿದ್ದೀರ?" ಎಂದು ಕೇಳುತ್ತಾರೆ. ಹೆಂಡತಿ ಆ ಜಾಗಕ್ಕೆ ಕಾಲೊರಸು ಹಾಕಿದ್ದಾಳೆ. ನಾನು ಬೆಳಿಗ್ಗೆ ಎದ್ದು ಅದನ್ನು ಸರಿಸಿ ಬೆರಳು ಇಳಿಸಿ ನೋಡುತ್ತೇನೆ. ಇವತ್ತಿಗೆ ಸರಿಯಾಗಿದೆ.

ಈಗ ನನ್ನ ಬಳಿ ಇರುವುದು ಇಷ್ಟು: ಕೆಲಸಗಾರರು ಏಳು ಜನ. ಗ್ರೈಂಡರ್ ಮೂರು. ಮೇಸ್ತ್ರಿಯ ಮನೆಯವರು ಕೊಟ್ಟ ಅವರ ಹಳೆಯ ರಸಮಟ್ಟ ಒಂದು. ಎರಡು ಕೋಣೆಯ ಮನೆ. ಅದರಲ್ಲಿ ಹಾಸಿದ ಟೈಲು ನೂರ ನಲವತ್ತೇಳು. ಹಾಸದೆ ಇರುವುದು ಒಂದು.